ಕಾಡನ್ನು ತೋರಿಸುವವನ ಧರ್ಮ

ತಾನು ಪ್ರೀತಿಸುವ ವಸ್ತುವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವನು ಭಾಗ್ಯಶಾಲಿಯೆಂದು ಲೋಕವು ಹೇಳುವುದುಂಟು. ಸಂಗೀತಗಾರನನ್ನೋ ಉಪಾಧ್ಯಾಯನನ್ನೋ ಕುರಿತು ಈ ಮಾತನ್ನಾಡುವಾಗ ನಮಗೆ ಸಂದೇಹವೇನೂ ಹುಟ್ಟುವುದಿಲ್ಲ. ರಾಗವು ಹಾಡಿದಷ್ಟೂ ಸವೆಯುವಂಥದಲ್ಲ. ವಿದ್ಯೆಯು ಕೊಟ್ಟಷ್ಟೂ ಕುಂದುವಂಥದಲ್ಲ. ಆದರೆ ಪ್ರೀತಿಗೆ ವಿಷಯವಾದುದು ಒಂದು ಪ್ರಾಣಿಯಾಗಿ, ಅದಕ್ಕೆ ತನ್ನದೇ ಆದ ಒಂದು ಬಾಳಿದ್ದರೆ, ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ವನ್ಯಮೃಗಗಳನ್ನು ಜನರಿಗೆ ತೋರಿಸುವುದನ್ನೇ ವೃತ್ತಿಯಾಗಿ ಕೈಕೊಂಡವರನ್ನು ಕುರಿತು ಇಲ್ಲಿ ಸ್ವಲ್ಪ ವಿಚಾರಮಾಡಬೇಕೆಂದಿದೆ.

ದಿಬ್ಬೂರಹಳ್ಳಿಯ ಕಡೆಯ ವಾಚಕರಿಗೆ ಇದು ದೂರದ ವಿಷಯವೆಂದು ತೋರಬಹುದು. ನಮ್ಮದು ಬಯಲುಸೀಮೆ, ಆನೆ ಹುಲಿಗಳ ಸೀಮೆಯಲ್ಲ. ಆದರೂ ಒಂದು ಜೀವಿಯಿಂದ ಬದುಕುವುದೆಂದರೇನೆಂಬುದನ್ನು ಶಿಡ್ಲಘಟ್ಟದ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ರೇಷ್ಮೆಹುಳುವನ್ನು ಸಾಕುವ ಮನೆಯಲ್ಲಿ ಅದರ ನಾಲ್ಕು ಜ್ವರಗಳೂ ಕಳೆಯುವವರೆಗೆ ಯಾರಿಗೂ ನೆಮ್ಮದಿಯ ನಿದ್ದೆಯಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ಸೆಕೆ ಹೆಚ್ಚಾದರೆ ಚಿಂತೆ, ತೇವ ಹೆಚ್ಚಾದರೆ ಚಿಂತೆ. ಕೈಕೂಸಿಗೂ ಅಷ್ಟು ಆರೈಕೆ ಸಿಕ್ಕುವುದು ಕಷ್ಟ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಅದು ಗೂಡು ಕಟ್ಟಿ ಮುಗಿಸಿದ ಮೇಲೆ ಗೂಡು ಮಾರುಕಟ್ಟೆಗೂ ಅಲ್ಲಿಂದ ಕುದಿನೀರಿಗೂ ಹೋಗುತ್ತದೆ. ಇಷ್ಟೆಲ್ಲ ಮಾಡಿದ ರೈತನು ಅದನ್ನು ಪ್ರೀತಿಯೆಂದು ಹೇಳಿಕೊಳ್ಳುವುದಿಲ್ಲ, ಬೆಳೆಯೆನ್ನುತ್ತಾನೆ. ಅವನ ಮಾತಿನಲ್ಲಿ ಕಪಟವಿಲ್ಲ. ಸಫಾರಿಯ ವೃತ್ತಿಯವನಾದರೋ ತನ್ನ ಕಸುಬಿಗೆ ಪ್ರೀತಿಯೆಂಬ ದೊಡ್ಡ ಹೆಸರನ್ನೇ ಇಡುತ್ತಾನೆ. ಆದಕಾರಣ ಅವನನ್ನು ತುಸು ಕಠಿಣವಾಗಿಯೇ ಪ್ರಶ್ನಿಸುವ ಅಧಿಕಾರ ನಮಗುಂಟು.

ಸಫಾರಿಯೆಂಬುದು ಸ್ವಾಹಿಲಿ ಭಾಷೆಯ ಮಾತು. ಅದರ ಮೂಲ ಅರಬ್ಬಿಯದು. ನಮ್ಮಲ್ಲಿ ಉರ್ದು ಬಲ್ಲವರು ಪ್ರಯಾಣಕ್ಕೆ 'ಸಫರ್' ಎನ್ನುವುದು ಆ ಮೂಲದಿಂದಲೇ. ಬರಿಯ ಪಯಣವೆಂಬ ಅರ್ಥದ ಈ ಶಬ್ದವು ಮೊದಲು ಬೇಟೆಗೂ ಆಮೇಲೆ ನೋಟಕ್ಕೂ ಅಂಟಿಕೊಂಡಿತು. ಈ ಬದಲಾವಣೆಯನ್ನು ತನ್ನ ಒಂದೇ ಆಯುಸ್ಸಿನಲ್ಲಿ ಕಂಡು ತೋರಿಸಿದ ವ್ಯಕ್ತಿಯೊಬ್ಬನು ನಮ್ಮ ರಾಜ್ಯದಲ್ಲಿಯೇ ಇದ್ದನು. 1916ರಲ್ಲಿ ಗಯೆಯಲ್ಲಿ ಹುಟ್ಟಿದ ಕರ್ನಲ್ ಜಾನ್ ವೇಕ್‌ಫೀಲ್ಡನು ಬೇಟೆಯ ವಾತಾವರಣದಲ್ಲಿ ಬೆಳೆದವನು. ಬಾಲ್ಯದಲ್ಲಿಯೇ ಹುಲಿಯನ್ನು ಹೊಡೆದವನು. 1947ರ ತರುವಾಯವೂ ಅವನು ಈ ದೇಶವನ್ನು ಬಿಡಲಿಲ್ಲ. ಕರ್ನಾಟಕ ಸರ್ಕಾರವು ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಡಗೂಡಿ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಮೈಸೂರು ಮಹಾರಾಜರ ಹಳೆಯ ಬೇಟೆಯ ಬಿಡಾರದ ಆವರಣದಲ್ಲಿ, ಅತಿಥಿಗಳಿಗೆ ಕಾಡನ್ನು ತೋರಿಸುತ್ತ ನೆಲೆಸಿದನು. ಎಲ್ಲರೂ ಅವನನ್ನು 'ಪಾಪಾ' ಎಂದು ಕರೆಯುತ್ತಿದ್ದರು. 2010ರಲ್ಲಿ ಕಬಿನಿಯ ದಡದಲ್ಲಿಯೇ ತೀರಿಕೊಂಡನು. ಕೋವಿ ಹಿಡಿದ ಕೈಯೇ ಕಾಯುವ ಕೈಯಾಯಿತೆಂದು ಈ ಕಥೆಯನ್ನು ಸವಿಯಾಗಿ ಹೇಳುವುದು ವಾಡಿಕೆ. ನನಗೆ ಅದು ಅಷ್ಟು ಸವಿಯಾಗಿ ಕಾಣುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಹುಲಿಬೇಟೆಯ ದಾರಿ ಯಾರಿಗೂ ಇರಲಿಲ್ಲ. ಅವನಲ್ಲಿ ಮೆಚ್ಚತಕ್ಕದ್ದು ಬೇರೆಯದು: ಬೇಟೆಗಾರನಿಗೆ ಬೇಕಾದ ವಿದ್ಯೆ, ಎಂದರೆ ಹೆಜ್ಜೆಯನ್ನು ಓದುವುದು, ಕೂಗನ್ನು ಕೇಳುವುದು, ಗಾಳಿಯನ್ನು ತಿಳಿಯುವುದು, ಅವನೊಡನೆ ನಾಶವಾಗದೆ ಇನ್ನೊಂದು ಉಪಯೋಗಕ್ಕೆ ಬಂದಿತು.

ಈ ವಿದ್ಯೆಯು ಸಾಮಾನ್ಯವಾದುದಲ್ಲ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು ಕಾಕನಕೋಟೆಯ ಕಾಡಿನ ಒಂದು ಭಾಗ ನೀರಿನಡಿಯಾಯಿತು. ಬೇಸಗೆಯಲ್ಲಿ ಹಿನ್ನೀರು ಇಳಿದಂತೆಲ್ಲ ದಡದಲ್ಲಿ ಹಸಿರು ಹುಲ್ಲು ಏಳುತ್ತದೆ. ಸುತ್ತಲ ಕಾಡೆಲ್ಲ ಒಣಗಿರುವಾಗ ಆನೆಗಳು ಅಲ್ಲಿಗೆ ಹಿಂಡುಹಿಂಡಾಗಿ ಬರುತ್ತವೆ. ಒಂದು ಕಾಲಕ್ಕೆ ಖೆಡ್ಡಾದಲ್ಲಿ ಆನೆಗಳನ್ನು ಹಿಡಿಯುತ್ತಿದ್ದ ಜಾಗವೇ ಅದು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಕಾಡೊಳಗೆ ಹುಲಿ ನಡೆದಾಡಿದರೆ ಮರದ ಮೇಲಿನ ಮುಸುವ ಕೆಮ್ಮುತ್ತದೆ, ಕಡವೆ ಗಟ್ಟಿಯಾಗಿ ಕೂಗುತ್ತದೆ. ಅದನ್ನು ಕೇಳಿ, ಗಾಡಿಯ ಯಂತ್ರವನ್ನು ನಿಲ್ಲಿಸಿ, ಅರ್ಧಗಂಟೆ ಮೌನವಾಗಿ ಕುಳಿತಿರಲು ಬಲ್ಲವನು ನಿಜವಾದ ದರ್ಶಕ. ಅವನ ಪರೀಕ್ಷೆಯಾಗುವುದೂ ಅಲ್ಲಿಯೇ. ಹಿಂದಿನ ಆಸನದಲ್ಲಿ ಕುಳಿತ ಅತಿಥಿಯು ಬಹಳ ಹಣವನ್ನು ಕೊಟ್ಟು ಬಂದಿರುತ್ತಾನೆ. ಅವನಿಗೆ ಹುಲಿ ಬೇಕು. ಇನ್ನೊಂದು ಗಾಡಿಯವರು ಹುಲಿಯನ್ನು ಕಂಡರೆಂಬ ಸುದ್ದಿ ಬಂದಿತೆನ್ನೋಣ. ಮರಿಗಳಿರುವ ತಾಯಿಹುಲಿಯ ಎದುರು ಐದಾರು ಗಾಡಿಗಳು ಆಗಲೇ ನಿಂತಿವೆ. ಏಳನೆಯದನ್ನು ಅಲ್ಲಿಗೆ ಓಡಿಸುವವನಿಗೂ ಪ್ರಾಣಿಗಳ ಮೇಲೆ ಪ್ರೀತಿಯಿಲ್ಲವೆನ್ನಲಾಗದು; ಆದರೆ ಆ ಗಳಿಗೆಯಲ್ಲಿ ಅವನು ಮಾರಿದುದು ತನ್ನ ವಿದ್ಯೆಯನ್ನಲ್ಲ, ಹುಲಿಯ ನೆಮ್ಮದಿಯನ್ನು. ವಿದ್ಯೆಯನ್ನು ಮಾರುವ ಅಧಿಕಾರ ಅವನದು; ಹುಲಿಯ ನೆಮ್ಮದಿಯನ್ನು ಮಾರುವ ಅಧಿಕಾರವನ್ನು ಅವನಿಗೆ ಕೊಟ್ಟವರಾರು?

ಈ ಪ್ರಶ್ನೆಯು ನ್ಯಾಯಾಲಯದ ಮೆಟ್ಟಲನ್ನೂ ಹತ್ತಿದೆ. 2012ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹುಲಿಧಾಮಗಳ ಒಳಗಾಡಿನಲ್ಲಿ ಪ್ರವಾಸವನ್ನು ತಡೆದು, ಅಕ್ಟೋಬರಿನಲ್ಲಿ ನಿಯಮಗಳೊಡನೆ ತಡೆಯನ್ನು ತೆರವುಮಾಡಿತು. ಇದಕ್ಕಿಂತ ಕಠಿಣವಾದ ಪ್ರಸಂಗವು 2025ರಲ್ಲಿ ಒದಗಿತು. ಸರಗೂರಿನ ಕಡೆ ಹುಲಿಯ ಬಾಯಿಗೆ ರೈತರು ಬಲಿಯಾದ ಮೇಲೆ, ನವೆಂಬರಿನಲ್ಲಿ ಸರ್ಕಾರವು ನಾಗರಹೊಳೆ ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿ, ಅಲ್ಲಿಯ ಸಿಬ್ಬಂದಿಯನ್ನು ಹುಲಿಯ ಹುಡುಕಾಟಕ್ಕೆ ಹಚ್ಚಿತು. ಗಾಡಿಗಳ ಗದ್ದಲದಿಂದಲೇ ಹುಲಿಗಳು ಹೊಲಕ್ಕೆ ಬರುತ್ತವೆಂಬುದು ರೈತರ ವಾದ. ಅದಕ್ಕೆ ಆಧಾರ ಸಾಲದೆಂಬುದು ಇತರರ ವಾದ. ಕಾರಣವು ಏನೇ ಇರಲಿ, ರೈತನ ಸಿಟ್ಟಿನ ಒಳಗಿನ ಮಾತು ಸ್ಪಷ್ಟವಾಗಿತ್ತು: ಹುಲಿಯ ನೋಟದಿಂದ ಬರುವ ಹಣ ಒಬ್ಬರಿಗೆ, ಅದರ ಪಂಜ ಇನ್ನೊಬ್ಬರಿಗೆ. ಕಾಡಿನಿಂದ ಹೊರಗೆ ಬಂದ ಜೇನುಕುರುಬರು ಇದೇ ಮಾತನ್ನು ಬಹುಕಾಲದಿಂದ ಬೇರೆ ರೀತಿಯಲ್ಲಿ ಹೇಳುತ್ತಲೇ ಇದ್ದಾರೆ. ಕಾಡಿನ ಜಾಡುಗಳನ್ನು ಮೊದಲು ಬಲ್ಲವರು ಅವರೇ ಅಲ್ಲವೆ?

ಹಾಗೆಂದು ವೃತ್ತಿಯೇ ಅಧರ್ಮವೆನ್ನಲಾರೆ. ಸಫಾರಿ ನಿಂತಾಗ ಕೂಲಿ ತಪ್ಪಿದವರಲ್ಲಿ ಗಾಡಿ ನಡೆಸುವವರೂ ಅಡಿಗೆಯವರೂ ಇದ್ದರು. ಅವರಲ್ಲಿ ಅನೇಕರು ಆ ಕಾಡಂಚಿನ ಹಳ್ಳಿಗಳವರೇ. ಕಾಡಿನಿಂದ ಒಂದಿಷ್ಟು ಅನ್ನವಾದರೂ ಹುಟ್ಟಿದರೆ ಹಳ್ಳಿಯವನಿಗೆ ಅದನ್ನು ಉಳಿಸುವ ಆಸೆ ಹುಟ್ಟೀತು. ಆದರೆ ಆ ಅನ್ನದಲ್ಲಿ ಬೆಳೆ ಕಳೆದುಕೊಂಡವನ ಪಾಲೆಷ್ಟು, ತನ್ನ ಗಾಡಿ ಎಷ್ಟು ದೂರದಲ್ಲಿ ನಿಲ್ಲಬೇಕು, ಯಾವ ದಿನ ಅತಿಥಿಗೆ ಇಲ್ಲವೆನ್ನಬೇಕು, ಇವುಗಳಿಗೆ ಸಫಾರಿಯ ವೃತ್ತಿಯವನು ಉತ್ತರ ಕೊಡಬೇಕು. ಅವನ ಪ್ರೀತಿಯನ್ನು ನಾನು ಅಳೆಯುವುದು ಅಲ್ಲಿ.

ನಮ್ಮ ಕಡೆಯ ಕುಟುಂಬಗಳೂ ಈಗ ರಜೆಯಲ್ಲಿ ಕಬಿನಿಗೆ ಹೋಗಿಬರುತ್ತವೆ. ಹಿಂತಿರುಗಿದವರನ್ನು ನೆರೆಹೊರೆಯವರು ಕೇಳುವ ಮೊದಲನೆಯ ಮಾತು, ಹುಲಿ ಕಂಡಿತೆ ಎಂಬುದು. ಏಳನೆಯ ಗಾಡಿಯನ್ನು ಓಡಿಸಿದವನ ಕಿವಿಯಲ್ಲಿಯೂ ಇದೇ ಮಾತು ಇತ್ತು.