ಅಪ್ಪ ಅಮ್ಮನಿಗೆ ಹೇಳದಿರೋದು ಸುಳ್ಳಾ?

ಗೇ ಅಥವಾ ಲೆಸ್ಬಿಯನ್ ಆಗಿರುವ ಮಕ್ಕಳು ಹೆತ್ತವರಿಗೆ ಅದನ್ನು ಹೇಳದಿದ್ದರೆ ಮೋಸ ಮಾಡಿದ ಹಾಗಲ್ವಾ ಅಂತ ಕೇಳೋರಿದ್ದಾರೆ. ಸಾಕಿ ಸಲಹಿದವರಿಗೆ ಅಷ್ಟೂ ಹೇಳಬಾರದಾ?

ನಾವು ಬಳಸೋ ಮಾತನ್ನೇ ನೋಡಿ. 'ತಾನು ಗೇ ಅಂತ ಒಪ್ಪಿಕೊಂಡ' ಅಂತೀವಿ, ಕಳ್ಳ ಸ್ಟೇಷನ್ನಿನಲ್ಲಿ ಒಪ್ಪಿಕೊಂಡ ಹಾಗೆ. ಒಂದು ಕಾಲಕ್ಕೆ ಕಾನೂನೂ ಹಾಗೇ ಇತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಸೆಕ್ಷನ್ 377ರ ಹಿಡಿತ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿ ಮಾಡಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐದು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ನಡೆಸುವ ಖಾಸಗಿ ಸಂಬಂಧ ಅಪರಾಧ ಅಲ್ಲ ಎಂದಿತು. ಆದರೆ ಕೋರ್ಟು ನಮ್ಮ ಅಡುಗೆಮನೆಗೆ ಬರಲ್ವಲ್ಲ.

ಕಾಲೇಜು ಫೀಸು ಅಪ್ಪ ಕಟ್ಟುತ್ತಿರುವಾಗ ಬಾಯಿಬಿಡುವ ಹುಡುಗಿ ಸತ್ಯದ ಜೊತೆಗೆ ತನ್ನ ಓದು, ಇರೋ ಸೂರು ಎರಡನ್ನೂ ಪಣಕ್ಕಿಡುತ್ತಾಳೆ. 'ವಾಸಿ ಮಾಡಿಸ್ತೀವಿ' ಅಂತ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವ ಮನೆಗಳು ಇನ್ನೂ ಇವೆ. ಇಂಥ ಚಿಕಿತ್ಸೆ ಕೊಡೋದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹೀಗಿರುವಾಗ ಅವಳ ಮೌನವನ್ನು ಸುಳ್ಳು ಅನ್ನೋಕೆ ನನಗೆ ಮನಸ್ಸು ಬರಲ್ಲ. ಬೈದರೆ, ಹೊಡೆದರೆ, ಹೊರಗೆ ಹಾಕಿದರೆ ಅನ್ನೋ ಭಯ ಇರೋ ಕಡೆ ನಿಜ ಹೇಳುವ ಋಣ ಇರೋದಿಲ್ಲ.

ಒಂದು ಕಡೆ ಮಾತ್ರ ನಾನು ಗೆರೆ ಎಳೀತೀನಿ. 'ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ' ಅಂತ ಹೆಣ್ಣು ನೋಡೋಕೆ ಕರೆದುಕೊಂಡು ಹೋಗುತ್ತಾರಲ್ಲ, ಅಲ್ಲಿ ಉಪ್ಪಿಟ್ಟು ತಟ್ಟೆ ಹಿಡಿದು ಬರುವ ಹುಡುಗಿ ಏನು ತಪ್ಪು ಮಾಡಿದ್ದಾಳೆ? ಅಪ್ಪನಿಗೆ ಕಾರಣ ಕೊಡದೆ 'ನಂಗೆ ಮದುವೆ ಬೇಡ' ಅಂದರೆ ಸಾಕು. ಆದರೆ ಸುಮ್ಮನಿದ್ದು ತಾಳಿ ಕಟ್ಟಿದರೆ ಅವಳ ಬದುಕನ್ನು ಕದ್ದ ಹಾಗೆ. ಗೊತ್ತಿದ್ದೂ ಒತ್ತಾಯ ಮಾಡಿದ ಹಿರಿಯರಿಗೂ ಅದರಲ್ಲಿ ಪಾಲಿದೆ.

ಹೆತ್ತವರ ಕಷ್ಟ ಸಣ್ಣದೇನಲ್ಲ. ತನ್ನನ್ನು ತಾನು ಅರ್ಥ ಮಾಡಿಕೊಳ್ಳೋಕೆ ಮಗನಿಗೆ ಹತ್ತು ವರ್ಷ ಬೇಕಾಗಿರುತ್ತೆ, ಅಮ್ಮನಿಂದ ಹತ್ತೇ ನಿಮಿಷದಲ್ಲಿ ನಗು ಕೇಳಿದರೆ ಹೇಗೆ? ಆಮೇಲೆ ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು ಕೇಳಿದಾಗ ಏನು ಹೇಳೋದು ಅನ್ನೋ ಚಿಂತೆ. ಮಗ ಹೊರಗೆ ಬಂದ ಕತ್ತಲೆಗೆ ಈಗ ಅವರು ಹೋಗುತ್ತಾರೆ.

ಕೆಲವರು ಅಲ್ಲಿಂದ ಆಚೆಯೂ ಬರುತ್ತಾರೆ. 2023ರಲ್ಲಿ 'ಸ್ವೀಕಾರ್' ಎಂಬ ಪೋಷಕರ ಗುಂಪಿನ 400ಕ್ಕೂ ಹೆಚ್ಚು ಅಪ್ಪ ಅಮ್ಮಂದಿರು ತಮ್ಮ ಮಕ್ಕಳಿಗೆ ಮದುವೆಯ ಹಕ್ಕು ಕೊಡಿ ಅಂತ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಆ ವರ್ಷದ ಅಕ್ಟೋಬರ್ 17ರಂದು ಕೋರ್ಟು ಆಗಲ್ಲ ಎಂದಿತು. ಪತ್ರ ಬರೆದವರಲ್ಲಿ ಕೆಲವರಿಗೆ ಆಗಲೇ ಎಂಬತ್ತು ಹತ್ತಿರವಾಗಿತ್ತು.