ಹಿಡಿಯುವುದೋ, ಇಡುವುದೋ?

ಗೋವೆಯ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಪದಗಳ ಜೋಡಿಗಳನ್ನು ಬಾಯಿಪಾಠ ಮಾಡುತ್ತಾರೆ. ‘ಬಿಲೀಫ್’ ಬಂದರೆ ‘ಹೋಲ್ಡ್’, ‘ಒಪೀನಿಯನ್’ ಬಂದರೆ ‘ಸ್ಟ್ರಾಂಗ್’, ‘ಮೈಂಡ್’ ಬಂದರೆ ‘ಚೇಂಜ್’. ಪರೀಕ್ಷೆಗೆ ಇಷ್ಟು ಸಾಕು. ಆದರೆ ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಸಲ್ಲುತ್ತದೆ ಎಂಬುದು ಬರಿಯ ವ್ಯಾಕರಣದ ಸಂಗತಿಯೇ? ತನ್ನ ವಿಚಾರಗಳೊಡನೆ ಮನುಷ್ಯ ಹೇಗೆ ಬಾಳಬೇಕು ಎಂಬ ನೀತಿಯ ಪ್ರಶ್ನೆಯೂ ಅಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಇಂಗ್ಲಿಷಿನಲ್ಲಿ ನಂಬಿಕೆಯನ್ನು ಹಿಡಿದುಕೊಳ್ಳುತ್ತಾರೆ. ಕನ್ನಡದಲ್ಲಿ ನಾವು ನಂಬಿಕೆಯನ್ನು ಇಡುತ್ತೇವೆ: ದೇವರಲ್ಲಿ, ನೆರೆಯವರಲ್ಲಿ, ಕೊಟ್ಟ ಮಾತಿನಲ್ಲಿ. ನಾವು ಹಿಡಿಯುವುದೇನಿದ್ದರೂ ಹಠವನ್ನು, ಇಲ್ಲವೇ ಕುಸ್ತಿಯ ಪಟ್ಟನ್ನು. ಹಿಡಿದದ್ದು ಹಿಡಿದವನ ಬಳಿಯೇ ಉಳಿಯುತ್ತದೆ. ಇಟ್ಟದ್ದು ಇನ್ನೊಬ್ಬರ ವಶಕ್ಕೆ ಹೋಗುತ್ತದೆ; ಅವರು ಅದನ್ನು ಉಳಿಸಬಹುದು, ಕೆಡಿಸಲೂಬಹುದು.

ಅಭಿಪ್ರಾಯದ ವಿಷಯದಲ್ಲಿಯೂ ನಮ್ಮ ನುಡಿಯ ದಾರಿ ಬೇರೆ. ‘ನನಗೆ ಅನ್ನಿಸುತ್ತದೆ’ ಎನ್ನುವಾಗ ‘ನಾನು’ ಕರ್ತೃವಾಗಿ ಮುಂದೆ ನಿಲ್ಲದೆ ಚತುರ್ಥಿ ವಿಭಕ್ತಿಗೆ ಸರಿಯುತ್ತೇನೆ. ಇಲ್ಲಿಯ ಕೊಂಕಣಿಯಲ್ಲಿಯೂ ‘ಮ್ಹಾಕಾ ದಿಸ್ತಾ’ ಎನ್ನುತ್ತಾರೆ, ನನಗೆ ಕಾಣುತ್ತದೆ ಎಂದು. ಒಂದು ದ್ರಾವಿಡ ನುಡಿ, ಇನ್ನೊಂದು ಆರ್ಯ ನುಡಿ. ವಿನಯ ಮಾತ್ರ ಒಂದೇ. ನಾನು ನಿಂತ ಜಾಗದಿಂದ ಕಂಡದ್ದು ಇಷ್ಟು, ಜಾಗ ಬದಲಾದರೆ ನೋಟವೂ ಬದಲಾದೀತು ಎಂಬ ಒಪ್ಪಿಗೆ ಎರಡರಲ್ಲಿಯೂ ಇದೆ.

ಅಭಿಪ್ರಾಯಕ್ಕೂ ನಂಬಿಕೆಗೂ ಇರುವ ಈ ಅಂತರವನ್ನು ಗೋವೆ ತನ್ನ ಇತಿಹಾಸದಲ್ಲಿಯೇ ಕಂಡಿದೆ. 1967ರ ಜನವರಿ 16ರಂದು ಇಲ್ಲಿ ಜನಮತ ಸಂಗ್ರಹ ನಡೆಯಿತು. ಮಹಾರಾಷ್ಟ್ರದೊಡನೆ ವಿಲೀನಕ್ಕೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದಕ್ಕೆ ಎರಡೆಲೆಯ ಗುರುತು. ಎರಡೆಲೆಗೆ 1,72,191 ಮತಗಳು ಬಂದವು, ಹೂವಿಗೆ 1,38,170. ವಿಲೀನದ ಪರವಾಗಿ ನಿಂತಿದ್ದ ದಯಾನಂದ ಬಾಂದೋಡಕರರ ಅಭಿಪ್ರಾಯ ಸೋತಿತು. ಆದರೆ ಅದೇ ವರ್ಷದ ಚುನಾವಣೆಯ ಬಳಿಕ ಅವರೇ ಮತ್ತೆ ಮುಖ್ಯಮಂತ್ರಿಯಾದರು. ಅವರ ವಿಚಾರವನ್ನು ಒಪ್ಪದ ನಾಡು ಅವರಲ್ಲಿಟ್ಟ ನಂಬಿಕೆಯನ್ನು ಹಿಂತೆಗೆದುಕೊಳ್ಳಲಿಲ್ಲ.

ಇಂದು ಈ ಪರೀಕ್ಷೆ ನಮ್ಮ ಪಾಲಿಗೆ ಬಂದಿರುವುದು ಮಹದಾಯಿಯ ರೂಪದಲ್ಲಿ. ಖಾನಾಪುರದ ಕಾಡಿನಲ್ಲಿ ಹುಟ್ಟಿ, ಮಾಂಡೋವಿಯೆಂಬ ಹೆಸರಿನಿಂದ ಪಣಜಿಯ ಬಳಿ ಕಡಲು ಸೇರುವ ನದಿಯದು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಆದರೂ ವಿವಾದ ಮುಗಿಯಲಿಲ್ಲ. ಹುಬ್ಬಳ್ಳಿ-ಧಾರವಾಡದ ನಮ್ಮ ಬಂಧುಗಳಿಗೆ ಅದು ಕುಡಿಯುವ ನೀರು. ನಮ್ಮ ಪಕ್ಕದ ಮನೆಯವರಿಗೆ ಅದು ಗೋವೆಯ ಜೀವನದಿ. ಮೇಲಿನಿಂದ ಹರಿವು ಕಡಿಮೆಯಾದರೆ ಉಪ್ಪುನೀರು ಒಳನುಗ್ಗೀತೆಂಬ ಭಯ. ‘ನೀವು ಯಾವ ಕಡೆ?’ ಎಂದು ಇಬ್ಬರೂ ನಮ್ಮನ್ನು ಕೇಳುತ್ತಾರೆ.

ಇಲ್ಲಿ ನಮ್ಮ ನುಡಿಯ ವಿನಯವೇ ನಮಗೆ ಅಪಾಯವಾಗಬಹುದು. ‘ಹಾಗನ್ನಿಸಿತು, ಅಷ್ಟೆ’ ಎಂದು ಹೊಣೆ ಜಾರಿಸಿಕೊಳ್ಳುವುದು ಸುಲಭ. ಊರಿಗೆ ಹೋದಾಗ ಒಂದು ಮಾತು, ಇಲ್ಲಿಗೆ ಮರಳಿದಾಗ ಇನ್ನೊಂದು ಮಾತು ಆಡುವುದು ಇನ್ನೂ ಸುಲಭ. ಅಂಥ ವೇಳೆ, ನನ್ನ ವಿಚಾರಕ್ಕೆ ನಾನೇ ಹೊಣೆ ಎನ್ನುವ ಇಂಗ್ಲಿಷಿನ ಗಟ್ಟಿತನದಿಂದ ನಾವು ಕಲಿಯಬೇಕಾದದ್ದುಂಟು. ಕಂಡದ್ದನ್ನು ಕಂಡಂತೆ ಎರಡೂ ಕಡೆ ಒಂದೇ ಮಾತಿನಲ್ಲಿ ಹೇಳಬೇಕು: ಬಾಯಾರಿದವರಿಗೆ ನೀರು ಸಲ್ಲಬೇಕು, ನದಿಯೂ ಬದುಕಬೇಕು, ಎಷ್ಟು ನೀರು ತೆಗೆದರೆ ನದಿ ತಾಳೀತು ಎಂಬುದನ್ನು ಘೋಷಣೆಗಳಲ್ಲ, ಅಳತೆ ಹೇಳಬೇಕು. ಆ ಅಳತೆ ನಮ್ಮ ಎಣಿಕೆಗೆ ವಿರುದ್ಧವಾಗಿ ಬಂದರೆ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕು. ಅದು ದ್ರೋಹವಲ್ಲ. ನಮ್ಮನ್ನು ನಂಬಿದವರೊಡನೆ ಎರಡು ನಾಲಿಗೆಯಿಂದ ಮಾತನಾಡುವುದು ದ್ರೋಹ.

ಆದ್ದರಿಂದ ಮಕ್ಕಳು ಇಂಗ್ಲಿಷಿನ ಜೋಡಿಪದಗಳನ್ನು ಕಲಿಯಲಿ. ಜೊತೆಗೆ ಮನೆಯ ಮಾತಿನ ಈ ವಿವೇಕವನ್ನೂ ನಾವು ಅವರಿಗೆ ದಾಟಿಸೋಣ: ಅಭಿಪ್ರಾಯವನ್ನು ಹಠವಾಗುವಷ್ಟು ಬಿಗಿಯಾಗಿ ಹಿಡಿಯುವುದು ಬೇಡ, ನೆರೆಯವರಲ್ಲಿಟ್ಟ ನಂಬಿಕೆಯನ್ನು ಅಭಿಪ್ರಾಯ ಬೇರೆಯಾಯಿತೆಂದು ಹಿಂತೆಗೆಯುವುದೂ ಬೇಡ.