ಉಪಕಾರವೋ, ಬಾಕಿಯೋ?

ಯೂನಿವರ್ಸಿಟಿಗಳು ನಮ್ಮನ್ನು ಒಳಕ್ಕೆ ಬಿಟ್ಟುಕೊಂಡ ದಿನದಿಂದ ಒಂದೇ ಮಾತನ್ನು ನಮ್ಮ ಕಿವಿಗೆ ತುಂಬುತ್ತ ಬಂದಿವೆ: 'ನಿಮಗೆ ಎಷ್ಟೊಂದು ಕೊಟ್ಟಿದ್ದೇವೆ!' ಸೀಟು ಕೊಟ್ಟಿದ್ದೇವೆ, ಸ್ಕಾಲರ್‌ಶಿಪ್ ಕೊಟ್ಟಿದ್ದೇವೆ, ಹಾಸ್ಟೆಲಿನಲ್ಲಿ ಅನ್ನ ಸಾರು ಕೊಟ್ಟಿದ್ದೇವೆ, ಇನ್ನೇನು ಬೇಕು ಅಂತಾರೆ. ಈ 'ಕೊಟ್ಟಿದ್ದೇವೆ' ಅನ್ನೋ ಪದವನ್ನೇ ನಾವೀಗ ಹಿಡಿದು ಕೇಳಬೇಕಾಗಿದೆ. ವಂಶದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಸಿಗುವ ನೆರವು ಉಪಕಾರವೋ, ಬಹುಕಾಲದಿಂದ ತೀರದೆ ಉಳಿದ ಬಾಕಿಯೋ?

ಉಪಕಾರವಾದರೆ ಪಡೆದವನು ಕೈಕಟ್ಟಿ ನಿಲ್ಲಬೇಕು. ಬಾಕಿಯಾದರೆ ತಡಮಾಡಿದವನು ತಲೆತಗ್ಗಿಸಬೇಕು. ವ್ಯತ್ಯಾಸ ಇಷ್ಟು ದೊಡ್ಡದು.

ನಮ್ಮ ಅಪ್ಪ ಅವ್ವ ಓದಲಿಲ್ಲ. ಓದು ಅವರಿಗೆ ಹತ್ತದೆ ಅಲ್ಲ. ಓದುವ ಜಾಗದ ಹತ್ತಿರಕ್ಕೇ ಅವರನ್ನು ಬಿಡಲಿಲ್ಲ. ಅವರು ಗೇದ ಗದ್ದೆಯ ಭತ್ತ, ಹೊತ್ತ ಕಲ್ಲು, ಕೊಂಡ ಬೆಂಕಿಪೊಟ್ಟಣದ ಮೇಲಿನ ತೆರಿಗೆ, ಇವೆಲ್ಲ ಸೇರಿಯೇ ವಿದ್ಯಾಲಯಗಳ ಕಂಬಗಳು ಎದ್ದವು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿತು. ಆಗ ಸಂಸ್ಥಾನದ ನೌಕರಿಗಳು ಒಂದೇ ಜಾತಿಯವರ ಅಂಗಳದಲ್ಲಿ ರಾಶಿಬಿದ್ದಿದ್ದವು. ಉಳಿದವರಿಗೂ ಪಾಲು ಸಿಗುವುದು ಹೇಗೆ ಎಂದು ನೋಡಲು 1918ರಲ್ಲಿ ಮಿಲ್ಲರ್ ಸಮಿತಿಯನ್ನೇ ನೇಮಿಸಬೇಕಾಯಿತು. ಕಟ್ಟಿದವರು ಹೊರಗೆ, ಕೂತವರು ಒಳಗೆ. ಈ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

'ಹಾಗಾದರೆ ಪ್ರತಿಭೆ?' ಎಂದು ಕೇಳುವ ಪಂಡಿತರಿದ್ದಾರೆ. ಪ್ರತಿಭೆ ಇದೆ, ನಾವು ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿಭೆ ಅಂತ ಕರೆಯುವುದರಲ್ಲಿ ಎಷ್ಟು ಭಾಗ ಬರೀ ಪಿತ್ರಾರ್ಜಿತ? ಮೇಷ್ಟರ ಮಗ, ವಕೀಲರ ಮಗಳು ಊಟದ ಎಲೆ ಮುಂದೆ ಕೂತೇ ಕಲಿಯುತ್ತಾರೆ, ಯಾವ ವಿಷಯ ತಗೋಬೇಕು, ಯಾವ ಅರ್ಜಿಯನ್ನು ಯಾವಾಗ ಹಾಕಬೇಕು, ಪ್ರೊಫೆಸರ ಕೋಣೆಯ ಬಾಗಿಲು ಹೇಗೆ ತಟ್ಟಬೇಕು ಅಂತ. ನಮ್ಮ ಹುಡುಗನಿಗೆ ಇದು ಗೊತ್ತಾಗುವ ಹೊತ್ತಿಗೆ ಡಿಗ್ರಿಯೇ ಮುಗಿದಿರುತ್ತದೆ. ಕನ್ನಡದಲ್ಲಿ ಭೌತಶಾಸ್ತ್ರವನ್ನು ನೀರು ಕುಡಿದಂತೆ ಕುಡಿದ ಹುಡುಗಿ ಇಂಗ್ಲಿಷ್ ತರಗತಿಯಲ್ಲಿ ಮೂಕಳಾಗಿ ಕೂರುತ್ತಾಳೆ. ಆ ಮೌನಕ್ಕೆ ದಡ್ಡತನ ಅಂತ ಹೆಸರಿಡುತ್ತಾರೆ. ಯಾವ ಅಂಕಪಟ್ಟಿಯಲ್ಲೂ 'ಮೂರು ತಲೆಮಾರಿನ ಓದು' ಎಂಬ ಕಲಮು ಇಲ್ಲವಲ್ಲ!

ಹಣವೊಂದನ್ನೇ ಕೊಟ್ಟರೆ ಬಾಕಿ ತೀರುವುದಿಲ್ಲ. ಅಂಬೇಡ್ಕರರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ಕರಾರಿನಂತೆ ಚಾಕರಿ ಮಾಡಲು 1917ರಲ್ಲಿ ಬರೋಡಾಕ್ಕೆ ಬಂದರೆ ಆ ಊರಲ್ಲಿ ಅವರಿಗೆ ತಲೆ ಊರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಿಂದ ಅವರನ್ನು ಹೊರಡಿಸಿದರು. ವಿದ್ಯೆಗೆ ದುಡ್ಡು ಸಿಕ್ಕಿತು, ವಿದ್ಯಾವಂತನಿಗೆ ಜಾಗ ಸಿಗಲಿಲ್ಲ.

ಇದು ಹಳೇ ಕತೆ ಅಂತೀರಾ? ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯನ್ನು ಪರಿಶೀಲಿಸಿದ ಸುಖದೇವ ಥೋರಟ್ ಸಮಿತಿ 2007ರಲ್ಲಿ ಹೇಳಿದ್ದೇನು? ಹಾಸ್ಟೆಲಿನಲ್ಲೂ ಪರಿಶಿಷ್ಟ ವಿದ್ಯಾರ್ಥಿಗಳು ಕೆಲವೇ ಮಹಡಿಗಳಲ್ಲಿ ಗುಂಪುಗೂಡಬೇಕಾಗಿ ಬಂದಿತ್ತು. ಊರು ಕೇರಿ ಮಹಡಿ ಹತ್ತಿ ಕೂತಿದ್ದವು! 2012ರಲ್ಲಿ ಯುಜಿಸಿ ತಾರತಮ್ಯ ತಡೆಯಲು ನಿಯಮ ತಂದಿತು. 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾನಿಲಯದ ಸಂಶೋಧಕ ರೋಹಿತ್ ವೇಮುಲ ಜೀವ ಕಳೆದುಕೊಂಡ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಫೆಲೋಶಿಪ್ ಹಣ ಅವನ ಕೈಸೇರಿರಲಿಲ್ಲ. ಹಾಸ್ಟೆಲಿನಿಂದ ಹೊರಹಾಕಿಸಿಕೊಂಡು ಗೆಳೆಯರೊಂದಿಗೆ ಬಯಲಲ್ಲಿ ಮಲಗಿದ್ದ. 2024ರಲ್ಲಿ ಉತ್ತರಪ್ರದೇಶದ ದಿನಗೂಲಿಯೊಬ್ಬರ ಮಗ 17,500 ರೂಪಾಯಿಯನ್ನು ಗಡುವಿನೊಳಗೆ ಕಟ್ಟಲಾಗದೆ ಐಐಟಿ ಸೀಟು ಕಳೆದುಕೊಂಡು, ಅದನ್ನು ವಾಪಸು ಪಡೆಯಲು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಕೋರ್ಟಿನ ತನಕ ಹೋಗಲಾರದೆ ಊರಿಗೆ ಮರಳಿ ಕೂಲಿಗೆ ಹೋದವರ ಲೆಕ್ಕ ಇಟ್ಟವರು ಯಾರು?

ಇಲ್ಲಿ ನಮ್ಮೊಳಗಿಂದಲೇ ಒಂದು ಪ್ರಶ್ನೆ ಏಳುತ್ತದೆ. ನೆರವು ನಮಗೆ ಸಲ್ಲಬೇಕಾದ ಬಾಕಿ ಎಂದಮೇಲೆ ನಾವು ಯಾರಿಗೂ ಏನೂ ಕೊಡಬೇಕಾಗಿಲ್ಲವೇ? ಡಿಗ್ರಿ ಕಿಸೆಗೆ ಹಾಕಿಕೊಂಡು, ಸಿಟಿಯಲ್ಲಿ ಮನೆ ಮಾಡಿ, ಕೇರಿಯ ಹೆಸರು ಬಾಯಿಗೆ ಬಾರದ ಹಾಗೆ ಬದುಕಬಹುದೇ? ಹಾಗೆ ಬದುಕುತ್ತಿರುವ ಗೆಳೆಯರನ್ನು ಬಯ್ಯುವುದು ಸುಲಭ. ಜಾತಿ ಹೇಳಿದರೆ ಬಾಡಿಗೆ ಮನೆ ಸಿಗದ ಊರಲ್ಲಿ ಬಚ್ಚಿಟ್ಟುಕೊಂಡವನ ಅಂಜಿಕೆ ನಮಗೂ ಗೊತ್ತು. ಆದರೂ ಋಣ ಇದೆ. ಅದು ಕೊಟ್ಟವರ ಋಣ ಅಲ್ಲ, ಬಿಟ್ಟುಕೊಟ್ಟವರ ಋಣ. ತಮ್ಮ ಓದಲಿ ಅಂತ ಏಳನೇ ಕ್ಲಾಸಿಗೇ ಸ್ಲೇಟು ಇಟ್ಟು ಕಳೆ ಕೀಳಲು ಹೋದ ಅಕ್ಕಂದಿರು ನಮ್ಮಲ್ಲಿ ಎಷ್ಟು ಜನ ಇಲ್ಲ! ನಮ್ಮ ಸರ್ಟಿಫಿಕೇಟಿನಲ್ಲಿ ಅವರ ಹೆಸರು ಎಲ್ಲೂ ಇಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಫೀಸಿನ ಗಡುವು ದಾಟುವ ಮೊದಲೇ ಸ್ಕಾಲರ್‌ಶಿಪ್ ಕೈಗೆ ಬರಲಿ. ಮೇಷ್ಟರು ಪಾಠವನ್ನು ಕನ್ನಡದಲ್ಲಿ ಇನ್ನೊಂದು ಸಲ ಹೇಳಲಿ, ಹೇಳುವಾಗ ಹಂಗಿಸದಿರಲಿ. ದೂರು ಕೇಳುವ ಕುರ್ಚಿಯಲ್ಲಿ ಕೂತವರಿಗೆ ದೂರು ತೀರಿಸುವ ಅಧಿಕಾರವೂ ಇರಲಿ. ಇದು ಅವರ ಕೆಲಸ. ನಮ್ಮ ಕೆಲಸವೂ ಒಂದಿದೆ. ಮೊದಲು ಪಾಸಾದವರು ವಾರಕ್ಕೊಂದು ಸಂಜೆ ಹಾಸ್ಟೆಲಿಗೆ ಹೋಗಿ ಕೂರಬೇಕು. ಹೊಸದಾಗಿ ಬಂದವರ ಅರ್ಜಿ ತುಂಬಿಸಬೇಕು, ಯಾರೂ ಬರೆದಿಡದ ಕಾನೂನುಗಳನ್ನು ಬಿಡಿಸಿ ಹೇಳಬೇಕು. ಹುಡುಗಿಯರ ಹಾಸ್ಟೆಲಿಗೆ ಓದಿದ ಅಕ್ಕಂದಿರು ಹೋಗಬೇಕು. ಇದನ್ನು ಸಮಾಜಸೇವೆ ಅಂತ ಕರೆದುಕೊಳ್ಳುವ ಜಂಬ ನಮಗೆ ಬೇಡ. ಇದೂ ಬಾಕಿಯೇ, ನಮ್ಮ ಕಡೆಯದು.

ಕೃತಜ್ಞತೆ ಹೇಳುವುದಿದ್ದರೆ ಕಳೆ ಕೀಳಲು ಹೋದ ಆ ಅಕ್ಕನಿಗೆ ಹೇಳೋಣ. ವಿಶ್ವವಿದ್ಯಾನಿಲಯಗಳಿಗೆ, ಬಂದಷ್ಟಕ್ಕೆ ರಸೀದಿ ಕೊಡೋಣ. ಬಾರದ್ದಕ್ಕೆ ತಗಾದೆ ಮಾಡುತ್ತಲೇ ಇರೋಣ.